ಓದದೆ ಕುಡಿಸಬಹುದಾ?

ಕಾಸರಗೋಡಿನ ಪೆರ್ಲದ ಅಡಿಕೆ ಕೃಷಿಕರೊಬ್ಬರು ಬರೆದಿದ್ದಾರೆ: "ಅಮ್ಮನಿಗೆ ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತಿದೆ. ಮಂಗಳೂರಿಗೆ ಮೂರು ಸಲ ಹೋಗಿ ಬಂದೆವು. ಆಂಟಿಬಯಾಟಿಕ್ ನಾಟುತ್ತಿಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಗಂಗೆಯ ನೀರಿನಲ್ಲಿದೆಯಂತೆ. ನಮ್ಮ ಗುಡ್ಡ ಕೊರೆದ ಸುರಂಗದ ನೀರಿನಲ್ಲೂ ಇರಬೇಕಲ್ವಾ? ಹಿಡಿದು ಕುಡಿಸಿದರೆ ಮುಗಿಯಿತು. ವಿಜ್ಞಾನಿಗಳು ಅದರ ಜೀನ್ ಓದುತ್ತಾ ಯಾಕೆ ಕೂತಿದ್ದಾರೆ? ಬೇಕಾದರೆ ಒಂದು ಬಾಟಲಿ ನೀರು ಕಳಿಸುತ್ತೇನೆ."

ಸಂಪಾದಕರ ಉತ್ತರ:

ಗಂಗೆಯ ಮಾತು ಸುಳ್ಳಲ್ಲ. 1896ರಲ್ಲಿ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಗಂಗೆ, ಯಮುನೆಯ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುವುದನ್ನು ಕಂಡರು. ನೀರು ಕುದಿಸಿದರೆ ಆ ಗುಣ ಹೋಗುತ್ತಿತ್ತು. ಅದು ವೈರಸ್ ಕೆಲಸ ಇರಬೇಕು ಎಂಬುದು ನಂತರದವರ ಊಹೆ. 1917ರಲ್ಲಿ ಫೆಲಿಕ್ಸ್ ಡಿ'ಹೆರೆಲ್ ಎಂಬ ವಿಜ್ಞಾನಿ ಇಂಥ ವೈರಸ್‌ಗೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟರು. ನಾವು ಫೇಜ್ ಅನ್ನೋಣ.

ಆದರೆ ಸರಿಯಾಗಿ ನೂರು ವರ್ಷ ಕಳೆದು, 1996ರಲ್ಲಿ, ಅದೇ ಕಾಲರಾದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಕಾಲರಾ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆ ಕೆಡಿಸುವುದು ಒಂದು ವಿಷದಿಂದ. ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ! ಒಂದು ಫೇಜ್ ತಂದು ಕೊಟ್ಟದ್ದು. ಗಂಟಲಮಾರಿಯ (ಡಿಫ್ತೀರಿಯಾ) ವಿಷವೂ ಹಾಗೆಯೇ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೆಲವು ಫೇಜ್‌ಗಳು ಒಳಗೆ ನುಗ್ಗಿ, ಮರಿ ಮಾಡಿ, ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತವೆ. ಔಷಧಿಗೆ ಬೇಕಾದವು ಇವು. ಇನ್ನು ಕೆಲವು ಬಿಡಾರ ಹೂಡುವ ಜಾತಿ. ತಮ್ಮ ಜೀನನ್ನು ಬ್ಯಾಕ್ಟೀರಿಯಾದ ಜೀನಿನೊಳಗೆ ಸೇರಿಸಿ ಸುಮ್ನೆ ಕೂರುತ್ತವೆ. ಕೂತಲ್ಲಿ ವಿಷದ ಜೀನನ್ನೋ, ಆಂಟಿಬಯಾಟಿಕ್ಕಿಗೆ ಬಗ್ಗದ ಜೀನನ್ನೋ ಕೊಟ್ಟರೆ ನಿಮ್ಮ ಅಮ್ಮನ ಗತಿ? ಫೇಜ್ ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಕೊಳಚೆ ನೀರಿನ ಸೋಸಿದ ಹನಿ ಹಾಕಿದರೆ, ಫೇಜ್ ತಿಂದ ಕಡೆ ತೂತು ಬಿದ್ದಂತೆ ಕಾಣುತ್ತದೆ. ಆದರೆ ತೂತು ಮಾಡಿದವ ಯಾರು, ಅವನ ಚೀಲದಲ್ಲಿ ಏನಿದೆ ಎಂದು ತೂತು ನೋಡಿ ನಂಬುವ ಹಾಗಿಲ್ಲ. ಅದಕ್ಕೇ ಜೀನ್ ಓದುವುದು.

ಓದುವುದು ಬಹಳ ದೊಡ್ಡ ಕೆಲಸವೂ ಅಲ್ಲ ಈಗ. ಡಿಎನ್‌ಎ ಇರುವ ವೈರಸ್‌ಗಳಲ್ಲಿ ಮೊದಲು ಪೂರ್ತಿ ಓದಿದ್ದೂ ಒಂದು ಫೇಜನ್ನೇ. 1977ರಲ್ಲಿ ಬ್ರಿಟಿಷ್ ವಿಜ್ಞಾನಿ ಫ್ರೆಡರಿಕ್ ಸ್ಯಾಂಗರ್ ತಂಡ ಓದಿದ ಆ ಫೇಜಿನಲ್ಲಿ ಇರುವುದು 5,386 ಅಕ್ಷರ (ಡಿಎನ್‌ಎಯ ಒಂದೊಂದು ಘಟಕವನ್ನು ಒಂದು ಅಕ್ಷರ ಅನ್ನೋಣ). ಮನುಷ್ಯನದ್ದು ಸುಮಾರು 300 ಕೋಟಿ.

ಓದಿದರೆ ತಿದ್ದಲೂ ಬರುತ್ತದೆ. 2019ರಲ್ಲಿ ಪ್ರಕಟವಾದ ಪ್ರಕರಣ: ಬ್ರಿಟನ್ನಿನ 15 ವರ್ಷದ ಹುಡುಗಿ. ಶ್ವಾಸಕೋಶ ಬದಲಿಸಿದ ಮೇಲೆ ಸೋಂಕು ಮೈಗೆಲ್ಲ ಹಬ್ಬಿತ್ತು, ಔಷಧಿ ಸೋತಿತ್ತು. ಅಮೆರಿಕದ ವಿಜ್ಞಾನಿ ಗ್ರಹಾಂ ಹ್ಯಾಟ್‌ಫುಲ್ ತಂಡ ಮೂರು ಫೇಜ್ ಕಳಿಸಿತು. ಎರಡು ಬಿಡಾರ ಹೂಡುವ ಜಾತಿಯವು. ಹಾಗೆ ಸುಮ್ಮನೆ ಕೂರಿಸುವ ಜೀನನ್ನು ಕತ್ತರಿಸಿದ್ದರು. ಮೂರನೆಯದು ಸಿಕ್ಕಿದ್ದು ದಕ್ಷಿಣ ಆಫ್ರಿಕದ ಒಂದು ಕೊಳೆತ ಬದನೆಕಾಯಿಯಲ್ಲಿ. ಹುಡುಗಿ ಸುಧಾರಿಸಿದಳು.

ಇಷ್ಟು ಓದಿ ನಿಮಗೆ ಆಸೆ ಹುಟ್ಟುವ ಮೊದಲು ಇನ್ನೊಂದು ಹೇಳಬೇಕು. ಮೂತ್ರದ ಸೋಂಕಿಗೇ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಫೇಜ್ ಪರೀಕ್ಷೆ ನಡೆದಿತ್ತು. ಆಂಟಿಬಯಾಟಿಕ್ಕಿಗಿಂತ ಅದು ಕಡೆಯಲ್ಲ ಅಂತ ಕಂಡಿತು. ಆದರೆ ಔಷಧಿಯೇ ಇಲ್ಲದ ದ್ರವದಿಂದ ಮೂತ್ರಕೋಶ ತೊಳೆಸಿಕೊಂಡವರಿಗಿಂತ ಜಾಸ್ತಿ ಗುಣವೂ ಕಾಣಲಿಲ್ಲ. ಒಂದು ಫೇಜ್ ಒಂದೆರಡು ಬಗೆಯ ಬ್ಯಾಕ್ಟೀರಿಯಾವನ್ನಷ್ಟೇ ಮುಟ್ಟುತ್ತದೆ ಎಂಬ ತೊಡಕು ಬೇರೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇದು ಸಿಗುವುದೂ ಇಲ್ಲ. ಸದ್ಯಕ್ಕೆ ಅಮ್ಮನ ಹಳೆಯ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟುಗಳನ್ನೆಲ್ಲ ಒಟ್ಟು ಮಾಡಿ ಒಬ್ಬರೇ ಡಾಕ್ಟರಿಗೆ ತೋರಿಸಿ. ಸೋಂಕು ಮರಳಿ ಬರಲು ಕಲ್ಲೋ, ಸಕ್ಕರೆ ಕಾಯಿಲೆಯೋ ಕಾರಣವಾ ಅಂತ ಕೇಳಿ. ಕಪಾಟಿನಲ್ಲಿ ಉಳಿದ ಮಾತ್ರೆ ಕೊಡಬೇಡಿ.

ಮಕ್ಕಳಲ್ಲಿ ಯಾರಿಗಾದರೂ ಈ ಕಡೆ ಆಸಕ್ತಿ ಇದ್ದರೆ ನಿಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ಸೈನ್ಸ್ (ಜೀನ್ ಓದುವ ವಿಜ್ಞಾನ) ಎಂಬ ವಿಭಾಗವೇ ಇದೆ. ದೂರವೇನಲ್ಲ.

ಬಾಟಲಿ ನೀರು ಮಾತ್ರ ಬೇಡ. ಬ್ಯಾಕ್ಟೀರಿಯಾ ಜಾಸ್ತಿ ಇದ್ದಲ್ಲಿ ಫೇಜ್ ಜಾಸ್ತಿ. ನಿಮ್ಮ ಸುರಂಗಕ್ಕಿಂತ ಪೇಟೆಯ ಚರಂಡಿಯೇ ಶ್ರೀಮಂತ. ಹಾಗಂತ ಅದನ್ನೂ ಕಳಿಸಬೇಡಿ.