ಹಾಸನದಿಂದ ಕಾಶಿಗೆ ಕಾರಿನಲ್ಲಿ ಹೋಗಲು ಯಾವ ದಾರಿ ಒಳ್ಳೆಯದು?

ನೀವು ಕೇಳಿರುವುದರ ಸಾರ ಇಷ್ಟು: ನವೆಂಬರಿನಲ್ಲಿ ಹಾಸನದಿಂದ ಕಾಶಿಗೆ ಹೊರಡಬೇಕು, ಜೊತೆಯಲ್ಲಿ ಎಪ್ಪತ್ತು ದಾಟಿದ ತಂದೆ, ಮಂಡಿನೋವಿನ ತಾಯಿ, ಕಾರು ಓಡಿಸುವವರು ನೀವೊಬ್ಬರೇ. ಮೊಬೈಲಿನ ನಕ್ಷೆ ಮೂರು ದಾರಿ ತೋರಿಸಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು ಹೇಳುತ್ತಿದೆ, ಯಾವುದನ್ನು ಹಿಡಿಯಲಿ? ಹೈದರಾಬಾದ್ ಮೇಲಿನ ದಾರಿ ಹಿಡಿಯಿರಿ. ಮಂತ್ರಾಲಯಕ್ಕೆ ಹೋಗಲೇಬೇಕೆಂದು ತಾಯಿ ಹಟ ಹಿಡಿದರೆ ಮಾತ್ರ ಈ ಉತ್ತರ ಬದಲಾಗುತ್ತದೆ. ಕಾರಣಗಳು ಮುಂದಿವೆ.

ನಾನು ಅರಸೀಕೆರೆಯವನು. ಕೊಬ್ಬರಿ, ತೆಂಗಿನಕಾಯಿ ಸಾಗಿಸಲು ಲಾರಿ ಗೊತ್ತುಮಾಡಿಕೊಡುವ ಸಣ್ಣ ಕಚೇರಿ ನನ್ನದು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ದೆಹಲಿಗೆ, ಉತ್ತರ ಪ್ರದೇಶಕ್ಕೆ ಹೋಗುವುದರಿಂದ ಉತ್ತರದ ರಸ್ತೆಗಳ ಸುದ್ದಿ ದಿನವೂ ಕಿವಿಗೆ ಬೀಳುತ್ತದೆ. ತಾಯಿಯನ್ನು ಕೂರಿಸಿಕೊಂಡು ಕಾರಿನಲ್ಲಿ ಕಾಶಿಗೆ ಹೋಗಿ ಬಂದಿದ್ದೇನೆ ಕೂಡ. ಲಾರಿಯವರ ಸಲಹೆಗಿಂತ ಈ ಎರಡನೆಯ ಅನುಭವವನ್ನೇ ನೀವು ಹೆಚ್ಚು ನಂಬುವುದು ಒಳ್ಳೆಯದು. ಲಾರಿ ಚಾಲಕರು ಟೋಲ್ ಉಳಿಸಲು, ನಗರಗಳಲ್ಲಿ ಭಾರಿ ವಾಹನಗಳಿಗೆ ನಿಷೇಧವಿರುವ ಹೊತ್ತನ್ನು ತಪ್ಪಿಸಲು, ರಾತ್ರಿಯಿಡೀ ಓಡಿಸಲು ಅನುಕೂಲವಾದ ದಾರಿ ಆರಿಸುತ್ತಾರೆ. ನಿಮ್ಮ ಕಾರಿನಲ್ಲಿರುವವರಿಗೆ ಎರಡು ಗಂಟೆಗೊಮ್ಮೆ ಶುಚಿಯಾದ ಶೌಚಾಲಯ ಬೇಕು, ಕತ್ತಲಾಗುವ ಮೊದಲು ಹಾಸಿಗೆ ಬೇಕು.

ಒಟ್ಟು ದೂರ ಸುಮಾರು 2,000 ಕಿಲೋಮೀಟರ್. ಇಷ್ಟು ಉದ್ದದಲ್ಲಿ ನೀವು ನಿಜವಾಗಿ ತೀರ್ಮಾನ ಮಾಡಬೇಕಾದ ಜಾಗಗಳು ಎರಡೇ. ನಾಗ್ಪುರವನ್ನು ಯಾವ ಕಡೆಯಿಂದ ಮುಟ್ಟಬೇಕು ಎಂಬುದು ಒಂದು. ರೀವಾ ದಾಟಿದ ಮೇಲೆ ಮನ್‌ಗವಾಂ ಎಂಬಲ್ಲಿ ಎಡಕ್ಕೋ ಬಲಕ್ಕೋ ಎಂಬುದು ಇನ್ನೊಂದು. ನಡುವಿನ ನಾಗ್ಪುರ, ಸಿವನಿ, ಲಖನಾದೌನ್, ಜಬಲ್ಪುರ, ಕಟನಿ, ಮೈಹರ್, ರೀವಾ ಎಲ್ಲರಿಗೂ ಒಂದೇ.

ನಾಗ್ಪುರದವರೆಗಿನ ಮೂರು ದಾರಿಗಳಲ್ಲಿ ಪಶ್ಚಿಮದ್ದು ಚಿತ್ರದುರ್ಗ, ಹೊಸಪೇಟೆ, ವಿಜಯಪುರದವರೆಗೆ 50ನೇ ಹೆದ್ದಾರಿ, ಅಲ್ಲಿಂದ ಸೊಲ್ಲಾಪುರ, ತುಳಜಾಪುರಕ್ಕೆ 52, ಮುಂದೆ ಲಾತೂರು, ನಾಂದೇಡ್, ಯವತ್ಮಾಳ್, ವರ್ಧಾ ಮೇಲೆ ಬುಟಿಬೋರಿಗೆ 361. ಕಿಲೋಮೀಟರ್ ಲೆಕ್ಕದಲ್ಲಿ ನಷ್ಟವಿಲ್ಲ, ಬೆಂಗಳೂರು, ಹೈದರಾಬಾದ್ ಎರಡರ ಕಾಟವೂ ತಪ್ಪುತ್ತದೆ. ಸ್ನೇಹಿತರ ಜೊತೆ ಹೋಗುವವರಿಗೆ, ಹಂಪಿ, ಗೋಲಗುಮ್ಮಟ ನೋಡುತ್ತ ಸಾಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಿಮಗೆ ಹೇಳುವುದಿಲ್ಲ. ನಾಂದೇಡ್ ದಾಟಿದ ಮೇಲೆ ವರ್ಧಾದವರೆಗೆ ದೊಡ್ಡ ಊರುಗಳು ವಿರಳ. ಅಪ್ಪನಿಗೆ ಮಧ್ಯಾಹ್ನ ಎದೆ ಬಿಗಿದಂತಾದರೆ ದೊಡ್ಡ ಆಸ್ಪತ್ರೆ ಎಷ್ಟು ಹೊತ್ತಿನ ದೂರದಲ್ಲಿದೆ ಎಂಬುದು ದಾರಿ ಆರಿಸುವಾಗ ಟೋಲಿಗಿಂತ ದೊಡ್ಡ ಲೆಕ್ಕ.

ನಡುವಿನ ದಾರಿ ಹುಳಿಯಾರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಆದೋನಿ, ಮಂತ್ರಾಲಯ, ರಾಯಚೂರು, ಮಹಬೂಬ್‌ನಗರದ ಮೇಲೆ ಹೋಗಿ ಜಡ್ಚರ್ಲಾದಲ್ಲಿ 44ನೇ ಹೆದ್ದಾರಿ ಸೇರುತ್ತದೆ. ನಕ್ಷೆಯಲ್ಲಿ ನೋಡಿದರೆ ಇದೇ ನೇರ, ಇದೇ ಹತ್ತಿರ. ಆದರೆ ಬಹಳ ಕಡೆ ಎರಡು ಪಥದ ರಸ್ತೆ. ಊರು ಬಂದಾಗಲೆಲ್ಲ ಹಂಪು, ಎದುರಿಗೆ ಭತ್ತ, ಹತ್ತಿ ತುಂಬಿದ ಟ್ರ್ಯಾಕ್ಟರು. ಮಂಡಿನೋವಿನವರಿಗೆ ಹಂಪುಗಳಷ್ಟು ಹಿಂಸೆ ಬೇರೆ ಇಲ್ಲ. ರಾಯರ ದರ್ಶನ ಆಗಲೇಬೇಕೆಂದಿದ್ದರೆ ಮಾತ್ರ ಈ ದಾರಿ ಹಿಡಿದು ಮೊದಲ ರಾತ್ರಿ ಮಂತ್ರಾಲಯದಲ್ಲೇ ಉಳಿಯಿರಿ. ಮರುದಿನ ಎಮ್ಮಿಗನೂರಿನ ಮೇಲೆ ಕರ್ನೂಲಿಗೆ ಬಂದರೆ ಅಲ್ಲಿಂದ ಮುಂದೆ ಹೆದ್ದಾರಿಯದೇ ನಡಿಗೆ.

ಈಗ ನನ್ನ ಆಯ್ಕೆಗೆ ಬರುತ್ತೇನೆ. ಹೈದರಾಬಾದ್ ದಾರಿಯ ಬಗ್ಗೆ ಎಲ್ಲರ ತಕರಾರು ಒಂದೇ: ಬೆಂಗಳೂರು. ನಕ್ಷೆ ನಿಮ್ಮನ್ನು ಗೊರಗುಂಟೆಪಾಳ್ಯ, ಹೆಬ್ಬಾಳದ ಮೇಲೆ ಎಳೆಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿದ್ದರೆ ತೊಂದರೆಯಿಲ್ಲ. ಒಂಬತ್ತಕ್ಕೆ ಸಿಕ್ಕಿಕೊಂಡರೆ ಪ್ರಯಾಣದ ಮೊದಲ ದಿನದ ಉಲ್ಲಾಸವೆಲ್ಲ ಅಲ್ಲೇ ಇಂಗಿಹೋಗುತ್ತದೆ. ಅದರ ಬದಲು ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲದಲ್ಲಿ ತುಮಕೂರಿನ ಕಡೆಗೆ ತಿರುಗಿ, ದಾಬಸ್‌ಪೇಟೆಯಿಂದ ಹೊರವರ್ತುಲ ಹೆದ್ದಾರಿ ಹಿಡಿಯಿರಿ. ದೊಡ್ಡಬಳ್ಳಾಪುರದ ಪಕ್ಕದಲ್ಲಿ ಸಾಗಿ ದೇವನಹಳ್ಳಿಗೆ ಬರುತ್ತೀರಿ. ನೆಲಮಂಗಲದಿಂದ ಹಿಂದಕ್ಕೆ ಹೋಗುತ್ತಿದ್ದೇವಲ್ಲ ಎಂದು ಅಪ್ಪ ಖಂಡಿತ ಕೇಳುತ್ತಾರೆ. ಹೆಬ್ಬಾಳದ ಹೆಸರು ಹೇಳಿ, ಸುಮ್ಮನಾಗುತ್ತಾರೆ. ಇದನ್ನು ಓದುತ್ತಿರುವ ಚಿಕ್ಕಮಗಳೂರಿನವರಿಗೆ ಇನ್ನೂ ಸುಲಭ: ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾಟಿದರೆ ದಾಬಸ್‌ಪೇಟೆ ದಾರಿಯಲ್ಲೇ ಸಿಗುತ್ತದೆ.

ದೇವನಹಳ್ಳಿಯಿಂದ ಲಖನಾದೌನ್‌ವರೆಗೆ 44ನೇ ಹೆದ್ದಾರಿ. ಬಾಗೇಪಲ್ಲಿ ದಾಟುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಆಂಧ್ರ, ತೆಲಂಗಾಣಗಳಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ದುಬಾರಿ, ಈ ದಾರಿಯಲ್ಲಿ ಅಗ್ಗವಾಗಿ ಸಿಗುವುದು ಉತ್ತರ ಪ್ರದೇಶ ತಲುಪಿದ ಮೇಲೆಯೇ. ಮೊದಲ ರಾತ್ರಿ ಕರ್ನೂಲಿನಲ್ಲಿ ಉಳಿಯಿರಿ. ಬೆಳಿಗ್ಗೆ ಐದಕ್ಕೆ ಹಾಸನ ಬಿಟ್ಟರೆ ನಿಂತು ನಿಂತು ಹೋದರೂ ಬೆಳಕಿರುವಾಗಲೇ ಸೇರಬಹುದು. ತಂದೆಯವರಿಗೆ ಹಳೆಯ ಗುಡಿಗಳಲ್ಲಿ ಆಸಕ್ತಿಯಿದ್ದರೆ ಮರುದಿನ ಬೆಳಿಗ್ಗೆ ಆಲಂಪುರಕ್ಕೆ ಹೋಗಿ. ತುಂಗಭದ್ರೆಯ ದಡದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳು, ಜೋಗುಳಾಂಬೆಯ ಗುಡಿ. ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ಬೇಲೂರು, ಹಳೇಬೀಡು ನೋಡಿ ಬೆಳೆದ ನಮ್ಮ ಕಡೆಯವರಿಗೆ ಅದಕ್ಕಿಂತ ನಾಲ್ಕೈದು ಶತಮಾನ ಹಿಂದಿನ ಈ ಸರಳ ಕಟ್ಟಡಗಳು ಬೇರೆಯೇ ರೀತಿಯಲ್ಲಿ ಹಿಡಿಸುತ್ತವೆ.

ಹಿರಿಯರ ಜೊತೆ ಈ ದಾರಿಯೇ ಸರಿ ಎನ್ನಲು ನನಗಿರುವ ಇನ್ನೊಂದು ಕಾರಣ ನದಿಗಳು. ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ, ನಿರ್ಮಲ್‌ಗೆ ಮುನ್ನ ಸೋನ್ ಬಳಿ ಗೋದಾವರಿ, ಜಬಲ್ಪುರದ ಬಾಗಿಲಲ್ಲಿ ನರ್ಮದೆ, ಕೊನೆಗೆ ಯಮುನೆ, ಗಂಗೆ. ನನ್ನ ತಾಯಿ ಮುಂದಿನ ನದಿ ಯಾವಾಗ ಎಂದು ಕೇಳುತ್ತ ಕೇಳುತ್ತ ಅಷ್ಟು ದೂರದ ಬೇಸರವನ್ನೇ ಮರೆತರು. ಬೀಚುಪಲ್ಲಿಯಲ್ಲಿ ದಡದ ಮೇಲೇ ಆಂಜನೇಯನ ಗುಡಿಯಿದೆ, ಕಾರು ನಿಲ್ಲಿಸಲು ಜಾಗವಿದೆ. ಸೇತುವೆಯ ಮೇಲೆ ಮಾತ್ರ ದಯವಿಟ್ಟು ನಿಲ್ಲಿಸಬೇಡಿ, ಕಾಸು ಎಸೆಯುವುದಕ್ಕೂ ಬೇಡ.

ಹೈದರಾಬಾದಿನೊಳಗೆ ಹೋಗುವ ಅಗತ್ಯವೇ ಇಲ್ಲ. ಶಂಶಾಬಾದಿನಲ್ಲಿ ಹೊರವರ್ತುಲ ರಸ್ತೆ ಹತ್ತಿ, ಗಚ್ಚಿಬೌಲಿ, ಪಟಾನ್‌ಚೆರು ಕಡೆಯಿಂದ ಸುತ್ತಿ ಮೇಡ್ಚಲ್ ಬಳಿ ಇಳಿದರೆ ಮತ್ತೆ 44. ಒಟ್ಟು 158 ಕಿಲೋಮೀಟರ್ ಉದ್ದದ ಎಂಟು ಪಥಗಳ ವರ್ತುಲವದು. ನಿಮಗೆ ಬೇಕಾದದ್ದು ಅದರ ಒಂದು ಭಾಗ. ಎರಡನೆಯ ರಾತ್ರಿಗೆ ನಿರ್ಮಲ್ ಅಥವಾ ಆದಿಲಾಬಾದ್. ಒಂದೇ ದಿನದಲ್ಲಿ ಕರ್ನೂಲಿನಿಂದ ನಾಗ್ಪುರ ಮುಟ್ಟಬಹುದೆಂದು ಯಾರಾದರೂ ಹೇಳಿದರೆ ನಕ್ಕು ಬಿಟ್ಟುಬಿಡಿ. 700 ಕಿಲೋಮೀಟರ್ ದಾಟುವ ಆ ಸಾಹಸ ಒಬ್ಬನೇ ಓಡಿಸುವವನಿಗಲ್ಲ.

ಇಲ್ಲಿ ನನ್ನ ಒಂದು ಕಟ್ಟುನಿಟ್ಟು. ದಾರಿ ಹುಡುಕುವ ಮೊದಲು ಮಲಗುವ ಊರುಗಳನ್ನು ಬರೆದುಕೊಳ್ಳಿ: ಕರ್ನೂಲು, ಆದಿಲಾಬಾದ್, ಜಬಲ್ಪುರ, ಪ್ರಯಾಗ್‌ರಾಜ್. ಆ ಊರುಗಳನ್ನು ನಕ್ಷೆಯಲ್ಲಿ ನಿಲುಗಡೆಗಳಾಗಿ ಸೇರಿಸಿ. ಹಾಸನ, ಕಾಶಿ ಎಂದು ಎರಡೇ ಹೆಸರು ಕೊಟ್ಟರೆ ಯಂತ್ರ ಹತ್ತು ನಿಮಿಷ ಉಳಿಸಲು ಯಾವುದೋ ಹಳ್ಳಿಯೊಳಗೆ ನುಗ್ಗಿಸುತ್ತದೆ. ಆಯಾ ದಿನದ ನಕ್ಷೆಯನ್ನು ಹಿಂದಿನ ರಾತ್ರಿಯೇ ಮೊಬೈಲಿಗೆ ಇಳಿಸಿಕೊಂಡಿರಿ, ಮಧ್ಯಪ್ರದೇಶದ ಕಾಡಿನಲ್ಲಿ ಸಿಗ್ನಲ್ ಹೋಗುತ್ತಿರುತ್ತದೆ.

ಆ ಕಾಡು ಪೆಂಚ್. ನಾಗ್ಪುರವನ್ನು ಹೊರಗಿನಿಂದಲೇ ದಾಟಿ ಮನ್ಸರ್ ಬಿಟ್ಟ ಮೇಲೆ ಖವಾಸಾ, ಸಿವನಿಯವರೆಗೆ ಹುಲಿಗಳ ಸೀಮೆ. ಪ್ರಾಣಿಗಳು ರಸ್ತೆಯ ಕೆಳಗೆ ಓಡಾಡಲೆಂದು ಹೆದ್ದಾರಿಯನ್ನೇ ಎತ್ತರಿಸಿ ಕಟ್ಟಿದ್ದಾರೆ, ಬದಿಗೆ ಸದ್ದು ತಡೆಯುವ ಗೋಡೆಗಳಿವೆ. ಹಗಲಲ್ಲೇ ದಾಟಿ. ಲಖನಾದೌನ್‌ನಲ್ಲಿ 44 ಎಡಕ್ಕೆ ಝಾನ್ಸಿ, ದೆಹಲಿಯ ಕಡೆ ಹೊರಳುತ್ತದೆ, ನೀವು ಜಬಲ್ಪುರದ 34 ಹಿಡಿಯಬೇಕು. ಹಳೆಯ ಚಾಲಕರು ಇದನ್ನೆಲ್ಲ ಇನ್ನೂ ಏಳನೇ ನಂಬರ್ ರಸ್ತೆ ಎನ್ನುತ್ತಾರೆ. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಗುವವರೆಗೆ ಕಾಶಿಯಿಂದ ಕನ್ಯಾಕುಮಾರಿಯವರೆಗೆ 2,369 ಕಿಲೋಮೀಟರಿಗೂ ಒಂದೇ ಸಂಖ್ಯೆ, 7. ಈಗ ಅದು 135, 30, 34, 44 ಎಂದು ಹರಿದು ಹಂಚಿಹೋಗಿದೆ. ಈಗಿನ 7 ಬದರಿನಾಥದ ಕಡೆಯದು, ಹಳೆಯ ಬರಹಗಳನ್ನು ಓದಿ ಗೊಂದಲಪಡಬೇಡಿ.

ಜಬಲ್ಪುರದಲ್ಲಿ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡರೆ ಭೇಡಾಘಾಟಿನ ಅಮೃತಶಿಲೆಯ ಕಣಿವೆ ನೋಡಬಹುದು. ಮುಂದೆ ಕಟನಿಗೆ ಮೊದಲು ಸ್ಲೀಮನಾಬಾದ್ ಎಂಬ ಊರು ಬರುತ್ತದೆ. 1830ರ ದಶಕದಲ್ಲಿ ಜಬಲ್ಪುರದಲ್ಲಿದ್ದುಕೊಂಡು ಠಕ್ಕರ ಗುಂಪುಗಳನ್ನು ಹಿಡಿಸಿದ ವಿಲಿಯಂ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರದು. ಯಾತ್ರಿಕರ ವೇಷದಲ್ಲಿ ಜೊತೆಗೂಡಿ ಕೊರಳಿಗೆ ಬಟ್ಟೆ ಬಿಗಿಯುತ್ತಿದ್ದವರ ಕಥೆ ಹೇಳುತ್ತ ಹೋದರೆ ಹಿಂದಿನ ಸೀಟಿನವರು ನಿದ್ದೆ ಮಾಡುವುದಿಲ್ಲ.

ಇನ್ನು ಮನ್‌ಗವಾಂ. ಎಡಕ್ಕೆ ಹೋದರೆ ಚಾಕ್‌ಘಾಟ್ ಮೇಲೆ ಪ್ರಯಾಗ್‌ರಾಜ್, ಬಲಕ್ಕೆ ಹೋದರೆ ಹನುಮನಾ ಮೇಲೆ ಮಿರ್ಜಾಪುರ. ಹೋಗುವಾಗ ಎಡ, ಬರುವಾಗ ಬಲದ ದಾರಿ ಇಟ್ಟುಕೊಳ್ಳಿ. ಮೊದಲು ತ್ರಿವೇಣಿಯಲ್ಲಿ ಸ್ನಾನ, ಆಮೇಲೆ ಕಾಶಿ ಎಂಬ ಕ್ರಮ ಹಿರಿಯರಿಗೂ ಒಪ್ಪಿಗೆ. ಪ್ರಯಾಗದಿಂದ ಕಾಶಿಗೆ 19ನೇ ಹೆದ್ದಾರಿಯಲ್ಲಿ ಸುಮಾರು 125 ಕಿಲೋಮೀಟರ್, ಒಂದು ಬೆಳಗಿನ ಕೆಲಸ. ಚಾಕ್‌ಘಾಟಿಗೆ ಮೊದಲು ಸೋಹಾಗಿ ಬೆಟ್ಟದ ಇಳಿಜಾರಿದೆ, ಅಪಘಾತಗಳಿಗೆ ಕುಖ್ಯಾತ. ಶಿರಾಡಿ ಇಳಿಸಿದ ಕೈ ನಿಮ್ಮದು, ಕೆಳಗಿನ ಗೇರಿನಲ್ಲಿ ಇಳಿಸುವುದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹಿಂದೆ ಬರುವ ಲಾರಿಯ ಬ್ರೇಕು ನಿಮ್ಮ ಕೈಯಲ್ಲಿಲ್ಲ, ಅದಕ್ಕೆ ದಾರಿ ಬಿಟ್ಟುಕೊಡಿ.

ತಿಂಗಳ ವಿಚಾರ. ನವೆಂಬರ್ ಒಳ್ಳೆಯ ಆಯ್ಕೆ, ಕಾರ್ತಿಕ ಹುಣ್ಣಿಮೆಯ ಆಸುಪಾಸು ಬಿಟ್ಟು. ಅಂದು ದೇವ ದೀಪಾವಳಿ, ಕಾಶಿಯಲ್ಲಿ ಕೋಣೆ ಸಿಗುವುದು ಕಷ್ಟ. ಡಿಸೆಂಬರ್ ಕೊನೆಗೆ ತಳ್ಳಿದರೆ ರೀವಾದಿಂದಾಚೆ ಬೆಳಿಗ್ಗೆ ಮಂಜು, ಹತ್ತು ಗಂಟೆಯವರೆಗೆ ಹೊರಡುವಂತಿಲ್ಲ. ಜನವರಿ, ಫೆಬ್ರವರಿಯಲ್ಲಿ ಪ್ರಯಾಗದ ಮಾಘ ಮೇಳ. 2025ರ ಮಹಾಕುಂಭದಲ್ಲಿ ಇದೇ ರಸ್ತೆಯಲ್ಲಿ ಕಟನಿ, ಜಬಲ್ಪುರದವರೆಗೂ ವಾಹನಗಳು ನಿಂತಿದ್ದವು.

ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಈ ಪಾಸು ಖಾಸಗಿ ಕಾರುಗಳಿಗೆ ಒಂದು ವರ್ಷ ಅಥವಾ 200 ಟೋಲ್ ದಾಟುವವರೆಗೆ ನಡೆಯುತ್ತದೆ. ನಿಮಗೆ ಈ ಒಂದೇ ಯಾತ್ರೆಯಲ್ಲಿ ಹಣ ಹುಟ್ಟುತ್ತದೆ. ಹೈದರಾಬಾದಿನ ವರ್ತುಲ ರಸ್ತೆಗೆ, ರಾಜ್ಯ ಹೆದ್ದಾರಿಗಳಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ ಫಾಸ್ಟ್ಯಾಗಿನಲ್ಲಿ ಬೇರೆ ಹಣವೂ ಇರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033ಕ್ಕೆ ಕರೆ ಮಾಡಿ. ಊಟದ ಬಗ್ಗೆ ಒಂದೇ ಮಾತು: ಆದಿಲಾಬಾದ್ ದಾಟಿದ ಮೇಲೆ ಅನ್ನ, ಸಾರು ಹುಡುಕಬೇಡಿ. ಸಣ್ಣ ರೈಸ್ ಕುಕ್ಕರ್, ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಡಿಕ್ಕಿಯಲ್ಲಿರಲಿ.

ಕಾಶಿಯಲ್ಲಿ ಕಾರನ್ನು ಗೋದೌಲಿಯಾ ಕಡೆಗೆ ಒಯ್ಯುವ ಯೋಚನೆ ಬೇಡ. ಮೋಹನ್‌ಸರಾಯಿ ಕಡೆಯಿಂದ ಬಂದು, ಕಂಟೋನ್ಮೆಂಟ್ ಸುತ್ತ ಕಾರು ನಿಲ್ಲಿಸಲು ಜಾಗವಿರುವ ವಸತಿ ಹಿಡಿದು, ಅಲ್ಲಿಂದ ಇ-ರಿಕ್ಷಾದಲ್ಲಿ ಓಡಾಡಿ. ಗೋದೌಲಿಯಾದ ಜಂಗಮವಾಡಿ ಮಠದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲೇ ಉಳಿಯುವುದಾದರೆ ಮೊದಲೇ ಕೇಳಿಕೊಳ್ಳಿ, ಕಾರಿನ ವ್ಯವಸ್ಥೆ ಪ್ರತ್ಯೇಕ. ಅಮ್ಮನ ಮಂಡಿ ನಾಲ್ಕು ದಿನದ ಕೂರುವಿಕೆಯನ್ನು ತಡೆಯುವುದಿಲ್ಲ ಎಂದು ವೈದ್ಯರು ಹೇಳಿದರೆ ರಾಜ್ಯ ಸರ್ಕಾರದ ಕಾಶಿ ದರ್ಶನ ರೈಲಿನ ದಿನಾಂಕ ವಿಚಾರಿಸಿ, ಮಲಗಿಕೊಂಡೇ ಹೋಗಬಹುದು.

ಬರುವಾಗ ರಾಮನಗರ, ಚುನಾರ್, ಮಿರ್ಜಾಪುರ. ವಿಂಧ್ಯಾಚಲದ ಗುಡಿ ಪಕ್ಕದಲ್ಲೇ ಇದೆ. ಅಲ್ಲಿಂದ ಡ್ರಮಂಡ್‌ಗಂಜ್ ಘಾಟಿ ಹತ್ತಬೇಕು. ಅದೂ ಕೆಟ್ಟ ಹೆಸರಿನ ಘಾಟಿಯೇ, ಆದರೆ ನಿಮಗೆ ಏರು ದಾರಿ, ಅದಕ್ಕೇ ಅದನ್ನು ಹಿಂದಿರುಗುವ ಪ್ರಯಾಣಕ್ಕೆ ಇಟ್ಟಿದ್ದು. ಮಧ್ಯಾಹ್ನದೊಳಗೆ ಹನುಮನಾ ದಾಟಿದರೆ ಅಂದಿನ ರಾತ್ರಿ ರೀವಾ ಅಥವಾ ಮೈಹರ್‌ನಲ್ಲಿ ನಿಲ್ಲಬಹುದು. ಮೈಹರಿನ ಶಾರದಾದೇವಿಯ ಬೆಟ್ಟಕ್ಕೆ ರೋಪ್‌ವೇ ಇದೆ, ಅಮ್ಮ ಮೆಟ್ಟಿಲು ಹತ್ತಬೇಕಾಗಿಲ್ಲ.