ಗ್ಯಾರೇಜ್ ರೂಮಾಗುವಾಗ ನೆಲ ಎಷ್ಟು ಎತ್ತಬೇಕು?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆ. ಮನೆಗೆ ಅಂಟಿಕೊಂಡಿರುವ ಗ್ಯಾರೇಜನ್ನು ಅತ್ತೆಗೆ ಮಲಗುವ ಕೋಣೆ ಮಾಡೋಣ ಅಂತಿದ್ದೇವೆ. ಅವರಿಗೆ ಮಂಡಿ ನೋವು. ಗ್ಯಾರೇಜಿನ ನೆಲ ಮನೆಯ ನೆಲಕ್ಕಿಂತ 14 ಇಂಚು ಕೆಳಗಿದೆ. ತಾರಸಿ ಆರ್‌ಸಿಸಿ, ಒಳಗೆ ಎತ್ತರ 9 ಅಡಿ 8 ಇಂಚು. ತೋಟದ ಮಣ್ಣು ತುಂಬಿ ಮನೆ ಮಟ್ಟಕ್ಕೇ ತಂದುಬಿಡೋಣ ಅನ್ನುತ್ತಾರೆ ಮೇಸ್ತ್ರಿ. ನಮ್ಮ ಯಜಮಾನರು ಏನೂ ಎತ್ತೋದು ಬೇಡ, ಎರಡು ಮೆಟ್ಟಿಲು ಸಾಕು ಅಂತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು

ಉತ್ತರ: ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ. ತಮಾಷೆಗೆ ಹೇಳ್ತಿಲ್ಲ, ಲೆಕ್ಕ ಹಾಕಿದರೂ ಅರ್ಧವೇ ಸರಿ ಬರುತ್ತದೆ.

ಪೂರ್ತಿ 14 ಇಂಚು ಎತ್ತಿದರೆ ನಿಮಗೆ ಉಳಿಯುವುದು ಎಂಟೂವರೆ ಅಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವುದು ಕನಿಷ್ಠ 2.75 ಮೀಟರ್, ಅಂದರೆ 9 ಅಡಿಗಿಂತ ಚೂರು ಜಾಸ್ತಿ. ನಿಯಮ ಬಿಡಿ, ಆ ರೂಮಲ್ಲಿ ಫ್ಯಾನ್ ಹಾಕಿ, ಮಂಚದ ಮೇಲೆ ನಿಂತು ಸೊಳ್ಳೆ ಪರದೆ ಕಟ್ಟುವವರ ಕೈ ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಿ. ಹೊರಗಿನ ಬಾಗಿಲೊಂದು ಇದ್ದು ಅದರ ಲಿಂಟಲ್ (ಬಾಗಿಲ ಮೇಲಿನ ಅಡ್ಡತೊಲೆ) 7 ಅಡಿಗಿದ್ದರೆ ಅದು 5 ಅಡಿ 10 ಇಂಚಿಗೆ ಇಳಿಯುತ್ತದೆ. ನೆಂಟರೆಲ್ಲ ತಲೆ ತಗ್ಗಿಸಿಯೇ ಒಳಗೆ ಬರಬೇಕು.

ಅದಕ್ಕೇ 7 ಇಂಚು ಎತ್ತಿ. 9 ಅಡಿ 1 ಇಂಚು ಉಳಿಯುತ್ತದೆ, ಮನೆಯಿಂದ ರೂಮಿಗೆ ಒಂದೇ ಮೆಟ್ಟಿಲು. ಇಳಿಜಾರು ಮಾಡೋಣ ಅಂದರೆ ಒಂದು ಇಂಚಿಗೆ ಒಂದು ಅಡಿ ಉದ್ದ ಬೇಕು, 7 ಇಂಚಿಗೆ 7 ಅಡಿ, ಅರ್ಧ ರೂಮು ಅದಕ್ಕೇ ಹೋಗುತ್ತದೆ. ಆದರೆ ಒಂಟಿ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ, ರಾತ್ರಿ ಬಾತ್‌ರೂಮಿಗೆ ಎದ್ದವರು ಎಡವುವುದು ಅಲ್ಲೇ. ಅಂಚಿಗೆ ಬೇರೆ ಬಣ್ಣದ ಕಲ್ಲು ಕೂರಿಸಿ, ಗೋಡೆಗೆ ಹಿಡಿಕೆ, ಪಕ್ಕದಲ್ಲಿ ಒಂದು ಸಣ್ಣ ದೀಪ. ಬಾಗಿಲ ರೆಕ್ಕೆ ಮೆಟ್ಟಿಲ ಕಡೆಗೆ ತೆರೆಯಬಾರದು, ಮನೆ ಕಡೆಗೆ ತೆರೆಯಲಿ.

ಇನ್ನೊಂದು ವಿಷಯ ನೀವು ಬರೆದಿಲ್ಲ. ಆ 14 ಇಂಚು ಅಳೆದಿದ್ದು ಎಲ್ಲಿ? ಕಾರು ತೊಳೆದ ನೀರು ಹೊರಗೆ ಹೋಗಲಿ ಅಂತ ಗ್ಯಾರೇಜಿನ ನೆಲಕ್ಕೆ ಶಟರ್ ಕಡೆ ಓಟ (ಸಣ್ಣ ಇಳಿಜಾರು) ಕೊಟ್ಟಿರುತ್ತಾರೆ, ಎರಡು ಮೂರು ಇಂಚು ವ್ಯತ್ಯಾಸ ಸಾಮಾನ್ಯ. ಪಾರದರ್ಶಕ ಪೈಪಿಗೆ ನೀರು ತುಂಬಿ, ಮೇಸ್ತ್ರಿ ಕೈಯಲ್ಲೇ ನಾಲ್ಕೂ ಮೂಲೆಗೆ ಮಟ್ಟ ಹಿಡಿಸಿ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿಸಿ. ಮನೆ ಕಡೆ 7 ಇಂಚು ಎತ್ತಿದರೆ ಶಟರ್ ಕಡೆ 10 ಇಂಚು ಎತ್ತಬೇಕಾಗಬಹುದು. ಅದರಲ್ಲಿ ಕಾಂಕ್ರೀಟ್ 3 ಇಂಚು, ಗಾರೆ ಮತ್ತು ಟೈಲ್ಸ್ ಸೇರಿ 2 ಇಂಚು ತೆಗೆದರೆ ತುಂಬುವುದಕ್ಕೆ ಉಳಿಯುವುದು ಒಂದು ಕಡೆ 2, ಇನ್ನೊಂದು ಕಡೆ 5 ಇಂಚು. ಇಷ್ಟಕ್ಕೆ ಮಣ್ಣು ಯಾಕೆ? ಜಲ್ಲಿ, ಕ್ರಷರ್ ಡಸ್ಟ್ ಹಾಕಿ ನೀರು ಬಿಟ್ಟು ದಮ್ಮಸ್ಸು ಮಾಡಿಸಿ. ತೋಟದ ಮೇಲ್ಮಣ್ಣಲ್ಲಿ ಬೇರು, ಎಲೆ, ಗೊಬ್ಬರ ಎಲ್ಲಾ ಇರುತ್ತದೆ, ಕೊಳೆತು ತಗ್ಗುತ್ತದೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಹಾಗೇ ಆಯಿತು, ಎರಡನೇ ಮಳೆಗಾಲಕ್ಕೆ ಟೈಲ್ಸ್ ಮೇಲೆ ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಹಾಗೆ ಟೊಳ್ಳು ಸದ್ದು.

ನಮ್ಮ ಕೊಡಗಲ್ಲಿ ಎತ್ತರಕ್ಕಿಂತ ದೊಡ್ಡ ತಲೆನೋವು ತೇವ. ಗೋಡೆಯೊಳಗೆ ತೇವ ತಡೆಯಲು ಹಾಕಿದ ಡಿಪಿಸಿ ಹಳೇ ನೆಲದ ಮಟ್ಟಕ್ಕಿರುತ್ತದೆ. ನೀವು ಅದರ ಮೇಲೆ ಜಲ್ಲಿ ತುಂಬಿದರೆ ತೇವ ಡಿಪಿಸಿ ದಾಟಿ ಗೋಡೆ ಸೇರಲು ದಾರಿ ಮಾಡಿಕೊಟ್ಟ ಹಾಗೆ. ತುಂಬುವ ಎತ್ತರಕ್ಕೆ ಗೋಡೆಯ ಹಳೇ ಗಾರೆ ಕೆತ್ತಿಸಿ ವಾಟರ್‌ಪ್ರೂಫ್ ಬಳಿಸಿ. ಕಾಂಕ್ರೀಟ್ ಕೆಳಗೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಶೀಟ್ ಹಾಸಿ, ಅದರ ಅಂಚನ್ನು ಗೋಡೆಗುಂಟ ಮೇಲಕ್ಕೆ ಮಡಚಿ. ಶಟರ್ ತೆಗೆದ ಜಾಗಕ್ಕೆ ಗೋಡೆ ಕಟ್ಟುತ್ತೀರಲ್ಲ, ಅದರ ಕೆಳಗೆ ಸಾಮಾನ್ಯವಾಗಿ ಪಾಯವೇ ಇರುವುದಿಲ್ಲ, ಸುಮ್ನೆ ನೆಲದ ಮೇಲೆ ಇಟ್ಟಿಗೆ ಏರಿಸಬೇಡಿ. ಅದರ ಮುಂದೆ ಅಡ್ಡಲಾಗಿ ಒಂದು ಚರಂಡಿ, ಮೇಲೆ ಜಾಲರಿ. ಹಿಂದಿನ ಗೋಡೆ ಬರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ದಿಬ್ಬಕ್ಕೆ, ಒತ್ತಿಕೊಂಡಿದ್ದರೆ ಮಾತ್ರ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ, ಅದು ನನ್ನಂಥವರು ಪತ್ರದಲ್ಲಿ ಹೇಳುವ ವಿಷಯವಲ್ಲ.

ಯಾವಾಗ ಶುರು ಮಾಡೋದು? ಮೊದಲು ಒಂದು ಮಳೆಗಾಲ ನೋಡಿ. ಕಕ್ಕಡದ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಎರಡಡಿ ಚೌಕದ ಪ್ಲಾಸ್ಟಿಕ್ ಶೀಟನ್ನು ಗ್ಯಾರೇಜ್ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ಎತ್ತಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ನೆಲದಿಂದಲೇ ನೀರು ಏರುತ್ತಿದೆ ಅಂತ ಲೆಕ್ಕ, ಆಗ ಪ್ಲಾಸ್ಟಿಕ್ ಶೀಟಿನ ವಿಷಯದಲ್ಲಿ ಮೇಸ್ತ್ರಿ ಏನೇ ಹೇಳಲಿ ಬಿಟ್ಟುಕೊಡಬೇಡಿ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಮುಗಿಸಿ, ಮಳೆ ಬಿಡುವು ಕೊಟ್ಟ ಮೇಲೆ ಕೆಲಸ ಹಿಡಿಸಿ, ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬದ ಒಳಗೆ ಕಾಂಕ್ರೀಟ್ ಆಗಿಬಿಡಲಿ. ಆಮೇಲೆ ಕಾಫಿ ಕೊಯ್ಲು ಬಂದರೆ ಆಳು ಸಿಗೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ವಾ.