ನಾನು ಹೇಳಿದ ದರಕ್ಕಿಂತ ಕಡಿಮೆಗೆ ಮಂಡಿಯವರು ಅಡಿಕೆ ಮಾರಿದ್ದಾರೆ. ಕೊಂಡವನಿಂದ ವಾಪಸ್ ಪಡೆಯಬಹುದೇ?

ಸಾಮಾನ್ಯವಾಗಿ ಆಗುವುದಿಲ್ಲ, ನಷ್ಟವನ್ನು ಮಂಡಿಯವರಿಂದಲೇ ವಸೂಲು ಮಾಡಬೇಕು.

ತನ್ನದಲ್ಲದ ಮಾಲು ಮಾರಿದರೆ ಕೊಂಡವನಿಗೆ ಒಡೆತನ ಸಿಗದು ಎಂಬುದೇ ನಿಯಮ. ಆದರೆ 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಂ ಇದಕ್ಕೊಂದು ವಿನಾಯಿತಿ ಇಟ್ಟಿದೆ: ಮಂಡಿಯವರಂತೆ ಮಾರಿಕೊಡುವುದೇ ಕಸುಬಾದ ದಲಾಲಿಯ ಕೈಗೆ ನೀವೇ ಒಪ್ಪಿ ಮಾಲು ಕೊಟ್ಟಿದ್ದು, ಅವರು ಎಂದಿನ ವ್ಯಾಪಾರದ ರೀತಿಯಲ್ಲೇ ಮಾರಿದ್ದರೆ, ನಿಮ್ಮ ಷರತ್ತು ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನಿಗೆ ಅದು ದಕ್ಕುತ್ತದೆ. ನಿಮ್ಮಿಬ್ಬರ ಒಳಮಾತು ಅವನಿಗೆ ಗೊತ್ತಾಗುವುದಾದರೂ ಹೇಗೆ?

ದಲಾಲಿ ಮಾತ್ರ, 1872ರ ಕರಾರು ಕಾಯ್ದೆಯ 211ನೇ ಕಲಮಿನಂತೆ, ಸೂಚನೆ ಮೀರಿದ್ದರಿಂದ ಆದ ನಷ್ಟ ತುಂಬಿಕೊಡಬೇಕು. ‘ಕ್ವಿಂಟಲ್‌ಗೆ 48,000ಕ್ಕಿಂತ ಕೆಳಗೆ ಬೇಡ’ ಎಂದಿದ್ದನ್ನು 45,000ಕ್ಕೆ ಕೊಟ್ಟಿದ್ದರೆ, 10 ಕ್ವಿಂಟಲ್‌ಗೆ 30,000 ರೂಪಾಯಿ ಕೇಳಬಹುದು. ಆದರೆ ಆ ದರ ನಿಜಕ್ಕೂ ಸಿಗುತ್ತಿತ್ತು, ಅದನ್ನು ನೀವು ಮೊದಲೇ ಹೇಳಿದ್ದಿರಿ ಎಂದು ತೋರಿಸಬೇಕು. ಬಾಯಿಮಾತಿನ ದರ ಎಡವುವುದು ಇಲ್ಲೇ. ಚೀಲ ಇಳಿಸುವಾಗಲೇ ಚೀಟಿಯಲ್ಲಿ ಬರೆಸಿಕೊಳ್ಳಿ.